ಆಟಕ್ಕುಂಟು, ಲೆಕ್ಕಕ್ಕಿಲ್ಲ

ನನ್ನ ಹೆಂಡತಿ ಯಹೂದಿ, ನಾನು ದಾವಣಗೆರೆಯವನು. ಸರಟೋಗಾ ಹತ್ತಿರ ಅವಳು ಹೋಗುವ ಸಿನಗಾಗಿನಲ್ಲಿ, ಅಂದರೆ ಅವರ ಪ್ರಾರ್ಥನಾ ಮಂದಿರದಲ್ಲಿ, ಎಲ್ಲರಿಗೂ ಜಾಗವಿದೆ. ಅಲ್ಲಿಯ ಗುರು, ರಬ್ಬಿ, ಹೆಣ್ಣುಮಗಳು. ಇಬ್ಬರು ಗಂಡಸರು ದಂಪತಿಯಾಗಿ ಬಂದು ಮುಂದಿನ ಸಾಲಿನಲ್ಲೇ ಕೂರುತ್ತಾರೆ. ನನ್ನಂಥ ಹೊರಗಿನ ಅಳಿಯಂದಿರಿಗೆ ಕಾಫಿ, ಕೇಕು, ಕುರ್ಚಿ ಜೋಡಿಸುವ ಕೆಲಸ ಎಲ್ಲವೂ ಧಾರಾಳವಾಗಿ ಸಿಗುತ್ತವೆ. ಕುರ್ಚಿ ಜೋಡಿಸುವುದರಲ್ಲಿ ನನಗೆ ಹನ್ನೊಂದು ವರ್ಷದ ಅನುಭವವಿದೆ.

ಒಂದೇ ಒಂದು ಕಡೆ ಅಡ್ಡಿ. ಸತ್ತವರಿಗಾಗಿ ಹೇಳುವ ಪ್ರಾರ್ಥನೆಗೆ ವಯಸ್ಸಿಗೆ ಬಂದ ಹತ್ತು ಜನ ಯಹೂದಿಗಳು ಸೇರಬೇಕು. ಒಂಬತ್ತಾದರೆ ಬಾಯಿ ತೆರೆಯುವಂತಿಲ್ಲ. ಬೇರೆ ಧರ್ಮದ ಗಂಡ-ಹೆಂಡತಿಯರನ್ನೂ ಎಣಿಸೋಣ ಎಂದು ಕಮಿಟಿ ಮೀಟಿಂಗಿನಲ್ಲಿ ಮಾತು ಬಂದಾಗ ಒಬ್ಬ ಅಜ್ಜ ಎದ್ದು ನಿಂತು ಮುಕ್ಕಾಲು ಗಂಟೆ ವಿರೋಧಿಸಿದ. "ಇವನು ಒಳ್ಳೆಯವನೇ. ಆದರೆ ಒಳ್ಳೆಯವನಾಗಿರೋದು ಬೇರೆ, ಹತ್ತನೆಯವನಾಗಿರೋದು ಬೇರೆ" ಎಂದು ನನ್ನ ಕಡೆಗೇ ಬೆರಳು ತೋರಿಸಿದ. ಫೋನಿನಲ್ಲಿ ಮುಖ ತೋರಿಸುವವರನ್ನು ಎಣಿಸಕೂಡದು ಎಂಬುದೂ ಅವನದೇ ಹಟ. ಎರಡರಲ್ಲೂ ಗೆದ್ದ. ಮೂರು ತಿಂಗಳು ನಾನು ಅವನಿಗೆ ಕಾಫಿ ಕೊಡಲಿಲ್ಲ. ಅವನು ಅದನ್ನು ಗಮನಿಸಲೂ ಇಲ್ಲ, ತಾನೇ ಬಗ್ಗಿಸಿಕೊಂಡು ಕುಡಿದ.

ಆಮೇಲೆ ಅಜ್ಜನ ಹೆಂಡತಿ ತೀರಿಕೊಂಡಳು. ಮೊದಲ ವರ್ಷದ ತಿಥಿ ಒಂದು ಬುಧವಾರ ಬಂತು. ಸೂರ್ಯ ಮುಳುಗುವುದರೊಳಗೆ ಪ್ರಾರ್ಥನೆ ಹೇಳದಿದ್ದರೆ ಮತ್ತೆ ಮುಂದಿನ ವರ್ಷವೇ. ಅಜ್ಜನಿಗಾಗಲೇ ಎಂಬತ್ತೇಳು.

ನನ್ನನ್ನು ಬಿಟ್ಟು ಬಂದವರನ್ನು ಎಣಿಸಿದರೆ, ಅಜ್ಜನೂ ಸೇರಿ ಒಂಬತ್ತು. ಹತ್ತನೆಯವರು ಮಾರ್ಗನ್ ಹಿಲ್ ಊರಿನಿಂದ ಹೊರಟು ಫ್ರೀವೇಯ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದರು. ತಾತನ ಶ್ರಾದ್ಧದ ದಿನ ಕರೆದ ಬ್ರಾಹ್ಮಣರು ಬರದೆ ನಮ್ಮಪ್ಪ ಬಾಗಿಲಿಗೂ ಬೀದಿಗೂ ಓಡಾಡುತ್ತಿದ್ದದ್ದು ನನಗೆ ನೆನಪಾಯಿತು. ತಡೆಯಲಾರದೆ ಎದುರಿನ ಗ್ರೋಸರಿ ಅಂಗಡಿಗೆ ಓಡಿದೆ. ಟೊಮೇಟೊ ಆರಿಸುತ್ತಿರುವವರ ಬಳಿ ಹೋಗಿ "ಕ್ಷಮಿಸಿ, ನೀವು ಯಹೂದಿಯೇ?" ಎಂದು ಕೇಳುವುದು ಎಂಥ ಕೆಟ್ಟ ಪ್ರಶ್ನೆ ಎಂಬುದು ಕೇಳಿದ ಮೇಲೆ ಗೊತ್ತಾಯಿತು. ಒಬ್ಬಾಕೆ ಸಾಮಾನಿನ ಗಾಡಿಯನ್ನೇ ಬಿಟ್ಟು ಹೋದಳು. "ಅಯ್ಯೋ ದೇವರೇ" ಎಂದು ನಾನು ಗೊಣಗಿದ್ದು ಕೇಳಿ ಪಕ್ಕದವನೊಬ್ಬ ಮುಖವರಳಿಸಿದ. "ಅಲ್ರೀ, ನಾವು ಹುಬ್ಬಳ್ಳಿಯವ್ರು. ಯಾಕ್ರೀ?"

ಬರಿಗೈಯಲ್ಲಿ ಮರಳಿದಾಗ ಬಿಸಿಲು ಕಿಟಕಿಯ ಮೇಲಂಚಿಗೆ ಬಂದಿತ್ತು. ಬೇಕಾದರೆ ಫೋನಿನಲ್ಲಿ ಮುಖ ತೋರಿಸುತ್ತೇನೆ ಎಂದು ಮಾರ್ಗನ್ ಹಿಲ್‌ನವರು ಹೇಳಿದರಂತೆ. ಎಲ್ಲರೂ ಅಜ್ಜನನ್ನೇ ನೋಡುತ್ತಿದ್ದರು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಮಾಡಿದ್ದುಣ್ಣೋ ಮಹರಾಯ ಅಂದುಕೊಂಡೆ. ಆಮೇಲೆ ಅವನ ಕೈ ಕಂಡೆ. ಹೆಂಡತಿಯ ಹೆಸರು ಬರೆದ ಚೀಟಿಯನ್ನು ಮಡಚುತ್ತಿದ್ದ, ಬಿಡಿಸುತ್ತಿದ್ದ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ರಬ್ಬಿ ಮೆಲ್ಲಗೆ ಹೇಳಿದರು: "ಇವತ್ತೊಂದು ದಿನಕ್ಕೆ ಎರಡರಲ್ಲೊಂದು ನಿಯಮ ಸಡಿಲಿಸೋ ಅಧಿಕಾರ ನನಗಿದೆ. ಆದರೆ ಪ್ರಾರ್ಥನೆ ನಿಮ್ಮದು. ನೀವೇ ಹೇಳಿ."

"ಫೋನು ಬೇಡ," ಅಂದ ಅಜ್ಜ. ಇನ್ನು ಉಳಿದವನು ನಾನೊಬ್ಬನೇ. ಅವನಿಗೆ ಮುಜುಗರವಾಗುವುದು ಬೇಡವೆಂದು ನಾನು ಮೆಲ್ಲಗೆ ಬಾಗಿಲ ಕಡೆ ಹೊರಟೆ.

"ಎಲ್ಲಿಗೆ?" ಎಂದು ಗದರಿದ.

"ನಿಮಗೆ ಕಾಫಿ ಮಾಡೋಣ ಅಂತ."

"ಕಾಫಿಗೇನು ಅವಸರ? ಬಾ, ಇಲ್ಲಿ ನಿಂತ್ಕೋ."

ಹೋಗಿ ಅವನ ಪಕ್ಕದಲ್ಲಿ ನಿಂತೆ. ಅಜ್ಜ ಶುರುಮಾಡಿದ. ನಡುನಡುವೆ ಉಳಿದವರು "ಆಮೆನ್" ಅನ್ನಬೇಕು. ಹನ್ನೊಂದು ವರ್ಷ ಕೇಳಿ ಬಾಯಿಪಾಠವಾಗಿದ್ದರೂ ಅವತ್ತು ಗಟ್ಟಿಯಾಗಿ ಹೇಳಲು ಸಂಕೋಚವಾಗಿ ತುಟಿಯಲ್ಲೇ ಅಂದೆ. ಅಜ್ಜ ಪ್ರಾರ್ಥನೆ ನಿಲ್ಲಿಸಿ ನನ್ನ ಕಡೆ ತಿರುಗಿದ. ಮನಸ್ಸು ಬದಲಾಯಿಸಿದನೇನೋ ಅಂದುಕೊಂಡೆ.

"ಜೋರಾಗಿ ಹೇಳು," ಅಂದ. "ಅವಳಿಗೆ ಕಿವಿ ಸರಿಯಾಗಿ ಕೇಳಿಸ್ತಿರಲಿಲ್ಲ."