ಶಿವಗಂಗವ್ವನ ಬೋಣಿ

ಮರಾಠಿ ಸೀಮೆಯ ವಿಮಾನ ನಗರದಲ್ಲಿ, ಆಫೀಸುಗಳ ಹಿಂದಿನ ಗಲ್ಲಿಯಲ್ಲಿ ಶಿವಗಂಗವ್ವ ರೊಟ್ಟಿ ಗಾಡಿ ಇಟ್ಟಾಗ ನಾನು ಅಲ್ಲೇ ಗುಮಾಸ್ತೆಯಾಗಿದ್ದೆ. ಅವಳ ಗಂಡ ಫಕೀರಪ್ಪ ಹಮಾಲಿ. ಕೆಲಸಕ್ಕೆ ಹೊರಡುವ ಮುಂಚೆ ಗಿರಾಕಿಯ ಹಾಗೆ ಗಾಡಿಯ ಮುಂದೆ ನಿಂತು, ಜೇಬಿನಿಂದ ನೋಟು ತೆಗೆದು, "ಒಂದ್ ರೊಟ್ಟಿ ಕೊಡ್ರಿ ಬಾಯಾರ" ಎನ್ನುತ್ತಿದ್ದ. ಸ್ವಂತ ಹೆಂಡತಿಗೆ! ಅವಳು ನಗು ತಡೆದುಕೊಂಡು ನೋಟನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅದು ದಿನದ ಬೋಣಿ. ಮೊದಲ ಮಾರಾಟದ ದುಡ್ಡು ಕೈಯಿಂದ ಕೈಗೆ ಬರದೆ ಬೇರೆ ಯಾರಿಗೂ ರೊಟ್ಟಿ ಇಲ್ಲ. ಎಂಥ ಮುಂಜಾನೆಗಳು ಅವು! ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿಯ ವಾಸನೆಗೇ ನಮಗೆಲ್ಲ ಹಸಿವಾಗುತ್ತಿತ್ತು.

ಫಕೀರಪ್ಪ ತೀರಿಕೊಂಡ ಮೇಲೆ ಬಹಳ ದಿನ ಗಾಡಿ ಹೊರಬರಲಿಲ್ಲ. ಬಂದ ದಿನ ಮೊದಲು ಎದುರಾದವಳು ನಾನು. "ರೇಣುಬಾಯಾರ, ಇನ್ನ ಮ್ಯಾಲ ಬೋಣಿ ನೀವ ಮಾಡ್ರಿ" ಎಂದಳು. ಅಂದಿನಿಂದ ಮೊದಲ ನೋಟು ನನ್ನದೇ. ಆಫೀಸಿನ ಹುಡುಗರು ನನ್ನ ದಾರಿ ಕಾಯುತ್ತಿದ್ದರು. ಸುಳ್ಳೇಕೆ ಹೇಳಲಿ, ನನಗೂ ಸ್ವಲ್ಪ ಜಂಬ ಬಂದಿತ್ತು.

ಈಚೆಗೆ ರಸ್ತೆ ಅಗಲ ಮಾಡಲು ಗಾಡಿಗಳನ್ನೆಲ್ಲ ಎತ್ತಿಸುತ್ತಾರೆಂದು ಸುದ್ದಿಯಾಯಿತು. ಅದೇ ಗಲ್ಲಿಯಲ್ಲಿ ಒಂದು ಮಳಿಗೆ ಖಾಲಿ ಇತ್ತು. ಅದನ್ನು ಹಿಡಿಯಲು ಬ್ಯಾಂಕಿನ ಸಾಲ ಬೇಕು. ಸಾಲಕ್ಕೆ ಫೋನಿನಲ್ಲಿ ದುಡ್ಡು ತೆಗೆದುಕೊಳ್ಳುವ ವ್ಯಾಪಾರ ತೋರಿಸಬೇಕು. ಗಾಡಿಗೆ ಕ್ಯೂಆರ್ ಕೋಡ್ ಬಂತು, ದುಡ್ಡು ಬಿದ್ದರೆ ಕೂಗುವ ಡಬ್ಬಿಯೂ ಬಂತು. ಒಂದು ಮುಂಜಾನೆ ಬ್ಯಾಂಕಿನಿಂದ ಸ್ವಪ್ನಿಲ್ ಎಂಬ ತರುಣ ನೋಡಲು ಬಂದ. ಅವಳ ಗ್ರಹಚಾರಕ್ಕೆ ಅಂದು ನನ್ನ ಬಸ್ಸು ತಡ. ಅವನು ರೊಟ್ಟಿ ಕೇಳಿ ಫೋನ್ ಚಾಚಿದರೆ, ಇವಳು ಮರಾಠಿಯಲ್ಲಿ, ಬೋಣಿ ಆಗಿಲ್ಲ, ನೋಟು ಕೊಡಿ ಎಂದಳಂತೆ. ಅವನ ಹತ್ತಿರ ನೋಟಿರಲಿಲ್ಲ. ಫೋನಿನ ದುಡ್ಡು ಒಲ್ಲದವರಿಗೆ ಸಾಲ ಹೇಗೆ ಕೊಡುವುದೆಂದು ಹೊರಟುಹೋದ.

ನನಗೆ ಮೈಯೆಲ್ಲ ಉರಿಯಿತು. "ಮಳಿಗಿ ಕೈಬಿಟ್ರ ರೊಟ್ಟಿ ಎಲ್ಲಿ ಬಡೀತೀ? ಫಕೀರಪ್ಪ ಇದ್ದಿದ್ರ ಅಂವನೂ ಫೋನ ಹಿಡೀತಿದ್ದ!"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೌದ್ರಿ, ಹಿಡೀತಿದ್ರು" ಎಂದಳು.

ಮಧ್ಯಾಹ್ನ ರಜೆ ಹಾಕಿ ಬ್ಯಾಂಕಿಗೆ ಹೋಗಿ ಸ್ವಪ್ನಿಲ್‌ಗೆ ಎಲ್ಲ ಬಿಡಿಸಿ ಹೇಳಿದೆ. ಅವನು ನಕ್ಕುಬಿಟ್ಟ. ಶಿರೂರಿನಲ್ಲಿ ತರಕಾರಿ ಮಾರುವ ಅವನ ತಾಯಿಯದೂ ಇದೇ ಹಟವಂತೆ. ನಾಳೆ ಮತ್ತೆ ಬರುತ್ತೇನೆ ಎಂದ.

ಮರುದಿನ ನಾನು ಅವನಿಗಿಂತ ಮೊದಲೇ ಹೋಗಿ ನೋಟು ಕೈಯಲ್ಲಿ ಹಿಡಿದು ನಿಂತೆ. ಅವನು ಬರುವುದರೊಳಗೆ ಬೋಣಿ ಮುಗಿಸಿಬಿಟ್ಟರೆ ಅವನ ಫೋನಿನ ದುಡ್ಡಿಗೆ ಅಡ್ಡಿಯಿಲ್ಲವಲ್ಲ! ಆದರೆ ಶಿವಗಂಗವ್ವ ನೋಟಿದ್ದ ನನ್ನ ಅಂಗೈಯನ್ನು ಮೆಲ್ಲಗೆ ಮಡಚಿದಳು.

"ಬ್ಯಾಡ್ರಿ. ದಿನಾ ನಿಮ್ಮ ಬಸ್ಸಿನ ದಾರಿ ಕಾಯ್ಕೋತ ಕುಂತ್ರ ಅಂಗಡಿ ನಡ್ಯಾಂಗಿಲ್ಲ. ಇವತ್ತ ಬ್ಯಾಂಕಿನವ್ರು ಮಾಡ್ಲಿ."

ಸ್ವಪ್ನಿಲ್ ಬಂದು ಕೋಡಿಗೆ ಫೋನ್ ಹಿಡಿದ. ಡಬ್ಬಿ ಕೂಗಿತು. ಅವಳು ಸ್ವಪ್ನಿಲ್‌ನ ಫೋನನ್ನೇ ಇಸಿದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡಳು. ಅವನು ನಾಚಿ ನಿಂತಿದ್ದ.

ಸಾಲ ಸಿಕ್ಕಿತು. ಈಗ ಅವಳದು ಶಟರ್ ಇರುವ ಅಂಗಡಿ. ನಾನು ಹೋಗುವಷ್ಟರಲ್ಲಿ ಬೋಣಿ ಎಂದೋ ಆಗಿರುತ್ತದೆ. ಎಲ್ಲರ ಹಿಂದೆ ಸಾಲಿನಲ್ಲಿ ನಿಲ್ಲುತ್ತೇನೆ. ಅವಳ ಏಳಿಗೆ ನೋಡಿ ನನಗೆ ನಿಜವಾಗಿ ಖುಷಿ. ಆದರೂ ಫಕೀರಪ್ಪ ನಿಲ್ಲುತ್ತಿದ್ದ ಜಾಗ ಇಷ್ಟು ವರ್ಷ ನನ್ನದಾಗಿತ್ತು, ಅದು ಹೋಯಿತಲ್ಲ ಎಂದು ಬೇಜಾರಾಗುತ್ತದೆ.