ನಾನು ಬಿಗಿದ ಹ್ಯಾಂಡ್‌ಬ್ರೇಕ್

ಅವ್ವಿ, ಅಪ್ಪಿ, ನಾಲತವಾಡಕ್ಕೆ ಹೋಗುವ ದಾರಿಯಲ್ಲಿ ನಮ್ಮ ಗಾಡಿಯ ಗಾಲಿಯಿಂದ ಹೊಗೆ ಬಂದದ್ದು ನಿಮಗೆ ನೆನಪಿದೆಯೋ ಇಲ್ಲವೋ. ಅವ್ವಿಗೆ ಆಗ ಏಳು ವರ್ಷ, ಅಪ್ಪಿಗೆ ಮೂರು. ಗಾಡಿ ಹಳೆಯದು, ಅದಕ್ಕೇ ಹಾಗಾಯಿತು ಎಂದು ನನ್ನ ಮಗ, ನಿಮ್ಮ ಅಪ್ಪ, ಕೇಳಿದವರಿಗೆಲ್ಲ ಹೇಳುತ್ತಾನೆ. ನನ್ನ ಮರ್ಯಾದೆ ಉಳಿಸಲು ಹಾಗೆ ಹೇಳುತ್ತಾನೆ. ಅದು ಗಾಡಿಯ ತಪ್ಪಲ್ಲ. ನಿಮ್ಮ ಆಯಿಯಾದ ನಾನು ಮಾಡಿದ್ದು.

ನಿಮ್ಮ ಅಜ್ಜ ಇದ್ದಾಗ ಹ್ಯಾಂಡ್‌ಬ್ರೇಕ್ ಸಡಿಲಾದರೆ ಗ್ಯಾರೇಜಿಗೆ ಹೋಗುತ್ತಿರಲಿಲ್ಲ. ಗೊಳಸಂಗಿಯ ಈ ಅಂಗಳದಲ್ಲೇ ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಹಚ್ಚಿ ಹಿಂಭಾಗ ಎತ್ತಿ, ದಿಮ್ಮಿಗಳ ಮೇಲೆ ಕೂರಿಸಿ, ನಟ್ ತಿರುವುವ ಪಾನಾ ಹಿಡಿದು ಕೆಳಗೆ ಹೋಗುತ್ತಿದ್ದರು. ನಾನು ಒಳಗೆ ಕುಳಿತು ಬ್ರೇಕಿನ ಹಿಡಿಕೆಯನ್ನು ಮೇಲೆ ಎಳೆಯಬೇಕು. ಎಳೆದಾಗ ಕಟ್ ಕಟ್ ಎಂದು ಸದ್ದಾಗುತ್ತದಲ್ಲ, ಅದನ್ನು ಎಣಿಸುವುದು ನನ್ನ ಕೆಲಸ. ಬ್ರೇಕ್ ಬಿಗಿಯಾದಷ್ಟೂ ಎಣಿಕೆ ಕಡಿಮೆ.

“ಎಷ್ಟ ಬಂತು?” ಎಂದು ಕೆಳಗಿನಿಂದ ಕೇಳುತ್ತಿದ್ದರು.

“ಒಂಬತ್ತ್ರಿ.”

ಕೆಳಗೆ ನಟ್ ತಿರುವುತ್ತಿದ್ದರು. “ಈಗ ಎಳಿ.”

“ಐದ್ರಿ.”

“ಐದ ಸಾಕು. ಕೆಳಗ ಬಿಡು. ಇಳೀಬ್ಯಾಡ, ಅಲ್ಲೇ ಕುಂದರು.”

ಆಮೇಲೆ ಹಿಂದೆ ಹೋಗಿ ಏನೋ ಮಾಡುತ್ತಿದ್ದರು. ನಾನು ತಿರುಗಿ ನೋಡಿದವಳಲ್ಲ. ಸಾಮಾನು ತೆಗೆದಿಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ.

ಅವರು ಹೋಗಿ ನಾಲ್ಕು ವರ್ಷವಾದ ಮೇಲೆ, ಒಂದು ದಿನ ಹಿಡಿಕೆ ಪೂರ್ತಿ ಮೇಲಿದ್ದರೂ ಗಾಡಿ ತಾನಾಗಿ ಸರಿದು ದನದ ಕೊಟ್ಟಿಗೆಯ ಕಂಬಕ್ಕೆ ತಾಗಿ ನಿಂತಿತು. ಬಾಗೇವಾಡಿಗೆ ಒಯ್ದು ತೋರಿಸುತ್ತೇನೆ ಎಂದು ನಿಮ್ಮ ಅಪ್ಪ ಹೇಳಿದ. ಇವತ್ತು ನಾಳೆ ಎನ್ನುತ್ತ ಉಳಿಯಿತು. ಅಷ್ಟರಲ್ಲಿ ನಾಲತವಾಡದಲ್ಲಿ ನಿಮ್ಮ ಚಿಕ್ಕಮ್ಮನ ಹೊಸ ಮನೆಯ ಪ್ರವೇಶ ಬಂತು. ನಿಮ್ಮ ತಾಯಿ ಎರಡು ದಿನ ಮೊದಲೇ ಹೋದಳು. ಸಿಂದಗಿಯಿಂದ ಬೀಗರು, ಅಂದರೆ ನಿಮ್ಮ ತಾಯಿಯ ತಂದೆ ತಾಯಿ, ಬಂದು ನಮ್ಮ ಗಾಡಿಯಲ್ಲೇ ಹೋಗುವುದೆಂದಾಯಿತು. ಆ ಮನೆ ಇರುವುದು ಏರಿನಲ್ಲಿ. ಬೀಗರ ಎದುರು ನನ್ನ ಮಗ ಗಾಲಿಗೆ ಕಲ್ಲು ಹುಡುಕುತ್ತ ಓಡಾಡುವುದು ನನಗೆ ಬೇಡವಾಗಿತ್ತು.

ಅವರು ಬರುವ ಹಿಂದಿನ ದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅಂಗಳದ ಬಾಗಿಲು ಹಾಕಿಕೊಂಡೆ. ಗಾಲಿಗಳಿಗೆ ಕಲ್ಲು ಕೊಟ್ಟೆ. ಅಜ್ಜ ಗಾಡಿ ಎತ್ತುತ್ತಿದ್ದದ್ದು ಅವರ ಹೊಟ್ಟೆ ಕೆಳಗೆ ಹಿಡಿಸಲೆಂದೇ ಎಂದು ತಿಳಿದಿದ್ದೆ. ನಾನು ಬಡಕಲು, ಗಾಡಿಯೂ ಎತ್ತರದ್ದು. ಎತ್ತದೆಯೇ ಒಳಗೆ ಹೊಕ್ಕೆ. ಎರಡು ಗಾಲಿಗಳ ಕೇಬಲ್ ಕೂಡುವ ಕಡೆ ನಟ್ ಸಿಕ್ಕಿತು. ತಿರುವುವುದು, ಹೊರಗೆ ಬಂದು ಹತ್ತಿ ಎಣಿಸುವುದು, ಮತ್ತೆ ಕೆಳಗೆ ಹೋಗುವುದು. ಎಂಟಾಯಿತು, ಏಳಾಯಿತು. ಆಗ ಓಣಿಯಲ್ಲಿ ಯಾರದೋ ದನಿ ಕೇಳಿತು. ಗಾಡಿಯ ಕೆಳಗೆ ಹೆಣ್ಣಿನ ಕಾಲು ಕಂಡರೆ ಊರೆಲ್ಲ ನಗುತ್ತದೆ. ಅವಸರದಲ್ಲಿ ಬಲವಾಗಿ ತಿರುವಿ ಹೊರಬಂದೆ. ಎಣಿಸಿದರೆ ಮೂರೇ ಬಂತು. ಐದಕ್ಕಿಂತ ಮೂರು ಇನ್ನೂ ಗಟ್ಟಿ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಮರುದಿನ ಬೀಗರು, ಅಂದರೆ ನಿಮ್ಮ ಸಿಂದಗಿಯ ಅಜ್ಜ, ಮುಂದೆ ನಿಮ್ಮ ಅಪ್ಪನ ಪಕ್ಕ ಕುಳಿತರು. ಹಿಂದೆ ನಾನು, ಬೀಗತಿ, ನೀವಿಬ್ಬರು. ಅಪ್ಪಿ ಎಡಗಡೆಯ ಗಾಲಿಯ ಮೇಲಿನ ಸೀಟಿನಲ್ಲಿದ್ದ.

ನಿಡಗುಂದಿ ದಾಟಿದ ಮೇಲೆ ನಿಮ್ಮ ಅಪ್ಪ, “ಯಾಕೋ ಗಾಡಿ ಎಳೀವಲ್ದು” ಎಂದ.

“ಅದಕ್ಕೂ ವಯಸ್ಸಾತಪಾ, ನನ್ನಂಗ,” ಎಂದು ಬೀಗರು ನಕ್ಕರು.

ಸ್ವಲ್ಪ ದೂರ ಹೋದಾಗ ಸುಟ್ಟ ವಾಸನೆ ಬಂತು. ಬೀಗರು ಕಿಟಕಿಯ ಹೊರಗೆ ನೋಡಿ, “ಯಾರೋ ಕಬ್ಬಿನ ರವದಿ ಸುಡಾಕತ್ತಾರ” ಎಂದರು. ಹೊಲದಲ್ಲಿ ಎಲ್ಲೂ ಹೊಗೆ ಕಾಣಲಿಲ್ಲ. ನಿನ್ನೆ ಬಿಗಿದ ನಟ್ ನೆನಪಾಯಿತು.

ಬೀಗರ ಮುಂದೆ ನಾನು ದನಿ ತೆಗೆದು ಮಾತಾಡಿದವಳೇ ಅಲ್ಲ. ಏನಾದರೂ ಹೇಳುವುದಿದ್ದರೆ ಮಕ್ಕಳ ಕೈಲಿ ಹೇಳಿಸುವುದು ನಮ್ಮ ರೂಢಿ. ಅವ್ವಿಯ ಕಿವಿಯಲ್ಲಿ, “ಗಾಡಿ ನಿಲ್ಲಸಂತ ಹೇಳು ನಿಮ್ಮಪ್ಪಗ” ಎಂದೆ.

“ಅಪ್ಪಾ, ಗಾಡಿ ನಿಲ್ಲಸಬೇಕಂತ.”

“ಮುದ್ದೇಬಿಹಾಳ ಬರಲಿ, ತಡಕೋ. ಮನ್ಯಾಗ ಹೋಗಿ ಬಾ ಅಂದಿದ್ನಿಲ್ಲ?”

ಗಾಡಿ ನಿಲ್ಲಿಸಲು ಹೇಳಿರೆಂದು ಬೀಗತಿಗೆ ಪಿಸುಗುಟ್ಟಿದೆ. “ಈಗ ಬ್ಯಾಡ್ರಿ, ಅವ್ರು ಮಾತಾಡಾಕತ್ತಾರ,” ಎಂದರು ಅವರು.

ಅಷ್ಟರಲ್ಲಿ ಅಪ್ಪಿ ಬಗ್ಗಿ ಸೀಟಿನ ಕೆಳಗೆ ಕೈಯಿಟ್ಟು, “ಆಯೀ, ಇಲ್ಲಿ ಬೆಚ್ಚಗೈತಿ” ಎಂದ.

ಸೆರಗು ತಲೆಯಿಂದ ಜಾರಿತು. ಅದನ್ನು ಸರಿಮಾಡಿಕೊಳ್ಳದೆ ನಿಮ್ಮ ಅಪ್ಪನಿಗೆ ಕೂಗಿ ಹೇಳಿದೆ. “ತಮ್ಮಾ, ನಿಲ್ಲಸು! ಹ್ಯಾಂಡ್‌ಬ್ರೇಕ್ ನಾ ಬಿಗದೇನಿ. ಹಿಂದಿನ ಗಾಲಿ ಸುಡಾಕತ್ತಾವ!”

ನಿಮ್ಮ ಅಪ್ಪ ರಸ್ತೆ ಬದಿಗೆ ತಂದು ನಿಲ್ಲಿಸಿದ. ಇಳಿದು ನೋಡಿದರೆ ಎಡಗಡೆಯ ಗಾಲಿಯ ನಡುವಿನಿಂದ ಹೊಗೆ. ನಿಮ್ಮಿಬ್ಬರನ್ನೂ ದೂರದ ಬೇವಿನ ಮರದ ಕೆಳಗೆ ಎಳೆದುಕೊಂಡು ಹೋದೆ. ತಿರುಗಿ ನೋಡುವಷ್ಟರಲ್ಲಿ ಬೀಗರು ನೀರಿನ ಬಾಟಲಿ ಬಿಚ್ಚಿ ಗಾಲಿಯ ಕಡೆ ನಡೆದಿದ್ದರು.

“ನೀರ ಹಾಕಬ್ಯಾಡ್ರೀ! ಸೀಳತೈತಿ!” ಎಂದು ಕೂಗಿದೆ. ಗಾಲಿಯ ವಿಷಯ ನನಗೆ ಗೊತ್ತಿರಲಿಲ್ಲ. ಕಾದ ಹಂಚಿನ ವಿಷಯ ಗೊತ್ತಿತ್ತು. ಬೀಗರು ನನ್ನನ್ನೊಮ್ಮೆ ನೋಡಿ ಬಾಟಲಿ ಮುಚ್ಚಿದರು.

ಹೊಗೆ ನಿಂತು ಬಿಸಿ ಆರುವವರೆಗೆ ಮರದ ಕೆಳಗೇ ಕಾದೆವು. ಕೊನೆಗೆ ನಿಮ್ಮ ಅಪ್ಪ ಪಾನಾ ತೆಗೆದು, “ಯಾವ ನಟ್ಟಬೇ?” ಎಂದು ಕೇಳಿದ. ಹೇಳಿ ತಿಳಿಸಲು ಆಗಲಿಲ್ಲ. ಗಾಲಿಗೆ ಕಲ್ಲು ಕೊಡಿಸಿ, ಇಳಕಲ್ ಸೀರೆಯಲ್ಲೇ ಕೆಳಗೆ ಹೊಕ್ಕೆ. ಬೀಗತಿ ಗಾಡಿಯಲ್ಲಿದ್ದ ಚಾದರ ಅಡ್ಡ ಹಿಡಿದರು. ಬೀಗರು ಹೊಲದ ಕಡೆ ಮುಖ ಮಾಡಿ ನಿಂತರು.

ಸಡಿಲ ಮಾಡಿ ಹೊರಬಂದೆ. ನಿಮ್ಮ ಅಪ್ಪ ಜಾಕ್ ಹಚ್ಚಿ ಗಾಲಿ ಎತ್ತಿ, ಕೈಯಿಂದ ತಿರುವಿದ. ಗರ್ ಎಂದು ನಿಂತಿತು.

“ಅದನ್ಯಾಕ ತಿರವ್ತಿ?” ಎಂದೆ.

“ಅಪ್ಪ ಹಿಂಗ ಮಾಡ್ತಿದ್ದನಲ್ಲಬೇ, ಕಡೀಕ. ಹಿಡಿಕಿ ಕೆಳಗಿದ್ದಾಗ ಗಾಲಿ ಹಗೂರ ತಿರಗಬೇಕು.”

ಇಷ್ಟು ವರ್ಷ ನನ್ನ ಬೆನ್ನ ಹಿಂದೆ ನಡೆದ ಕೆಲಸ ಅದು.

ಗಾಲಿ ಇಳಿಸಿದ ಮೇಲೆ ನಾನು ಮತ್ತೆ ಕೆಳಗೆ ಹೋದೆ. ಎರಡನೆಯ ಸಲ ಎತ್ತಿ ತಿರುವಿದಾಗ ಎರಡೂ ಗಾಲಿ ಹಗುರಾಗಿ ತಿರುಗಿದವು. ಒಳಗೆ ಕುಳಿತು ಎಣಿಸಿದೆ, ಆರು ಬಂತು. ಹತ್ತಿ ಕೂರುವಾಗ ಬೀಗರು ಬೇರೆ ಕಡೆ ನೋಡುತ್ತಲೇ, “ನಮ್ಮ ಗಾಡೀನೂ ಒಮ್ಮೆ ನೋಡ್ರಿ ಬೀಗತ್ಯಾರ. ಆದ್ರ ಹೇಳಿ ನೋಡ್ರಿ” ಎಂದರು.

ಆಮೇಲೆ ಬಾಗೇವಾಡಿಯ ಗ್ಯಾರೇಜಿನ ಮಿಸ್ತ್ರಿ ಗಾಲಿ ಬಿಚ್ಚಿ, ಒಳಗಿನ ಬ್ರೇಕ್ ಲೈನರ್ ಸುಟ್ಟು ಕರಿ ಗಾಜಿನಂತಾದದ್ದನ್ನು ತೋರಿಸಿದ. ಇನ್ನಷ್ಟು ದೂರ ಓಡಿಸಿದ್ದರೆ ಗ್ರೀಸಿಗೆ ಬೆಂಕಿ ಹತ್ತುತ್ತಿತ್ತು ಎಂದ. ಎಡಗಡೆಯ ಸೀಟು ನೋಡಿದಾಗ ಇವತ್ತಿಗೂ ಅಪ್ಪಿಯ ಆ ಮಾತು ನೆನಪಾಗುತ್ತದೆ.

ಮುಂದೆ ನೀವೂ ಗಾಡಿ ಇಟ್ಟುಕೊಳ್ಳುತ್ತೀರಿ. ಹಿಂದಿನ ಗಾಲಿ ಎತ್ತದೆ ಬಿಗಿಯಬೇಡಿ, ಬಿಗಿದ ಮೇಲೆ ಕೈಯಿಂದ ತಿರುವಿ ನೋಡಿ, ಬಿಗಿದಿದ್ದೇನೆ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಇದನ್ನು ಬಾಯಲ್ಲಿ ಹೇಳಲು ನನಗೆ ಇನ್ನೂ ನಾಚಿಕೆ, ಅದಕ್ಕೇ ಬರೆದೆ. ಅಕ್ಷರ ಸೊಟ್ಟಗಿವೆ ಎಂದು ನಗಿರಿ, ಆದರೆ ಈ ಹಾಳೆಗಳನ್ನು ಹರಿಯಬೇಡಿ. ಒದ್ದೆಯಾಗದ ಕಡೆ ಇಟ್ಟುಕೊಳ್ಳಿ.