ಗುಡಿಯ ಮುಂದೆ ಕಟ್ಟಿದ ಗೂಳಿ

“ಖಿಲಾರಿದು ಇಲ್ರಿ ಕಾಕಾ. ಜರ್ಸಿ ಐತಿ, ಎಚ್‌ಎಫ್ ಐತಿ. ಯಾವ್ದ ಹಾಕ್ಲಿ?”

ಬೆದೆಗೆ ಬಂದ ನಮ್ಮ ಆಕಳಿಗೆ ಗಬ್ಬ ಕಟ್ಟಿಸುವ ಇಂಜೆಕ್ಷನ್ ಮಾಡಲು ಬಂದಿದ್ದ ದನದ ಡಾಕ್ಟರು ಹೀಗೆ ಕೇಳಿದಾಗ ನನಗೆ ಸಿಟ್ಟು ನೆತ್ತಿಗೇರಿತು. ಅಥಣಿ ಸೀಮೆಯಲ್ಲೇ ಪರದೇಶದ ತಳಿ ಸಿಕ್ಕು ನಮ್ಮ ಖಿಲಾರಿ ತಳಿ ಸಿಗುವುದಿಲ್ಲವೆಂದರೆ ಏನರ್ಥ?

“ನಿಮ್ಮೂರಾಗ ಗೂಳಿ ಇತ್ತಲ್ರಿ?” ಎಂದರು ಅವರು.

ಇತ್ತು. ಹಿರಿಯರು ದೇವರ ಹೆಸರಿನಲ್ಲಿ ಬಿಟ್ಟಿದ್ದ ಬಿಳಿ ಖಿಲಾರಿ, ಊರಿಗೆಲ್ಲ ಅದೊಂದೇ. ಯಾರ ಹೊಲ ಹೊಕ್ಕು ಮೇಯ್ದರೂ ಅದನ್ನು ಹೊಡೆಯುವಂತಿರಲಿಲ್ಲ. ಜೋಳ ಬೆಳೆಯುತ್ತಿದ್ದವರು ಸಹಿಸಿಕೊಂಡರು. ಕಬ್ಬು ಹಚ್ಚಿದ ನಮಗೆ ಆಗಲಿಲ್ಲ. ದೇವರದನ್ನು ಮಾರಿದರೆ ಪಾಪ ಬರುತ್ತದೆಂದು ಹೆದರಿ, ಹೋದ ವರ್ಷ ಅದನ್ನು ಕೆಡವಿ, ಸೊಕ್ಕು ಇಳಿಯಲೆಂದು ಬೀಜ ಒಡೆಸಿ ಗುಡಿಯ ಮುಂದೆ ಕಟ್ಟಿದೆವು. ಅಂದು ಕೊಂಬಿನ ಹಗ್ಗ ಹಿಡಿದಿದ್ದವನು ನಾನೇ.

ಕೊನೆಗೆ ಜರ್ಸಿಯನ್ನೇ ಹಾಕಿಸಿದೆ.

ಡಾಕ್ಟರು ಬಂದ ದಿನ ಬೆಳಗಿನಿಂದ ಆಕಳು ಕೂಗಿದ್ದು ಗುಡಿಯವರೆಗೂ ಕೇಳಿಸಿತ್ತು. ಗೂಳಿ ತಲೆ ಎತ್ತಿ ನೋಡಿರಲಿಲ್ಲ. ಸೋಮವಾರ ಬಂದರೆ ಊರೆಲ್ಲ ಈಗಲೂ ಅದರ ಕಾಲಿಗೆ ಬೀಳುತ್ತದೆ. ನಾನೂ ಬೀಳುತ್ತೇನೆ.